ತತ್ತ್ವಶಾಸ್ತ್ರದಲ್ಲಿ ಎಂಎ: ಅರ್ಜಿಯಿಂದ ಡಿಗ್ರಿ ಕೈಗೆ ಬರುವ ತನಕ

ಎಂಎ ಫಿಲಾಸಫಿಗೆ ಏನು ಬೇಕು ಅಂತ ಯಾರಾದರೂ ಕೇಳಿದರೆ ನಾನು ಎರಡು ಪಟ್ಟಿ ಕೊಡುತ್ತೇನೆ. ಒಂದು ಕಚೇರಿ ಕೇಳುವ ಪಟ್ಟಿ. ಮಾರ್ಕ್ಸ್ ಕಾರ್ಡು, ಪರ್ಸೆಂಟೇಜು, ಹಾಜರಾತಿ, ಕ್ರೆಡಿಟ್ಟು, ಫೀಸು ಇವೆಲ್ಲ ಅದರಲ್ಲಿ ಬರುತ್ತವೆ. ಇನ್ನೊಂದು ವಿಷಯವೇ ನಿಮ್ಮಿಂದ ಕೇಳುವುದು. ನಿಧಾನವಾಗಿ ಓದುವುದು, ವಾದವನ್ನು ಬಿಡಿಸಿ ನೋಡುವುದು, ನಿಮ್ಮದೇ ವಾದವನ್ನು ನೆಟ್ಟಗೆ ಬರೆಯುವುದು. ಎಲ್ಲರೂ ಮೊದಲನೆಯ ಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಎರಡನೆಯದು ಇದೆ ಅಂತ ಗೊತ್ತಾಗುವುದು ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ. ಇಲ್ಲಿ ಎರಡನ್ನೂ ಹೇಳುತ್ತೇನೆ. ಇದು ಭಾರತದಲ್ಲಿ ಓದುವವರಿಗೆ, ಅದರಲ್ಲೂ ಕರ್ನಾಟಕದಿಂದ ಹೊರಟವರಿಗೆ ಬರೆದದ್ದು.

ಮೊದಲು ಅರ್ಹತೆ ನೋಡಿಕೊಳ್ಳಿ

ಸೇರುವ ಹೊತ್ತಿಗೆ ಕಮ್ಮಿ ಅಂದರೆ ಮೂರು ವರ್ಷದ ಡಿಗ್ರಿ ಮುಗಿದಿರಬೇಕು, ಅಥವಾ ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದು ರಿಸಲ್ಟ್‌ಗೆ ಕಾಯುತ್ತಿರಬೇಕು. ಇಷ್ಟು ಎಲ್ಲ ಕಡೆಗೂ ಒಂದೇ. ಇದರಾಚೆಗೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ದಾರಿ.

ಮುಖ್ಯ ಪ್ರಶ್ನೆ ಇದು: ಬಿಎಯಲ್ಲಿ ಫಿಲಾಸಫಿ ಓದಿರಲೇಬೇಕಾ? ಕೆಲವು ವಿಭಾಗಗಳು ಐಚ್ಛಿಕ ವಿಷಯವಾಗಿ ಓದಿದವರಿಗೆ ಮೊದಲು ಸೀಟು ಕೊಟ್ಟು, ಉಳಿದದ್ದನ್ನು ಬೇರೆಯವರಿಗೆ ಕೊಡುತ್ತವೆ. ಕೆಲವು ಯಾವ ಡಿಗ್ರಿ ಆದರೂ ಸರಿ ಎನ್ನುತ್ತವೆ. ಇಗ್ನೋ, ಅಂದರೆ ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಈ ಎರಡನೆಯ ಗುಂಪಿಗೆ ಸೇರಿದ್ದು. ಬಿಕಾಂ, ಬಿಎಸ್ಸಿ, ಬಿಇ ಮಾಡಿದವರೂ ಅಲ್ಲಿ ನೇರವಾಗಿ ಸೇರಬಹುದು. ಸೈನ್ಸ್ ಓದಿ ಬಂದವರು ಹೆದರಬೇಕಾದ್ದಿಲ್ಲ. ತರ್ಕದ ಪತ್ರಿಕೆಯಲ್ಲಿ ಅವರಿಗೆ ಜಾಸ್ತಿ ಅನುಕೂಲ.

ಡಿಗ್ರಿಯಲ್ಲಿ ಎಷ್ಟು ಪರ್ಸೆಂಟ್ ಇರಬೇಕು, ಮೀಸಲಾತಿ ಇರುವವರಿಗೆ ಎಷ್ಟು ರಿಯಾಯಿತಿ ಅನ್ನುವುದು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ. ಒಟ್ಟು ಅಂಕ ನೋಡುತ್ತಾರಾ, ಐಚ್ಛಿಕ ವಿಷಯದ ಅಂಕ ಮಾತ್ರ ನೋಡುತ್ತಾರಾ ಅಂತ ಗಮನಿಸಿ. ಎರಡಕ್ಕೂ ನಡುವೆ ಸೀಟು ಸಿಗುವಷ್ಟು, ತಪ್ಪುವಷ್ಟು ವ್ಯತ್ಯಾಸ ಬರುತ್ತದೆ.

ಇನ್ನೊಂದು ಹೊಸ ವಿಚಾರ. ಕರ್ನಾಟಕದಲ್ಲಿ 2021ರಿಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಬ್ಯಾಚುಗಳಲ್ಲಿ ಸೇರಿ ನಾಲ್ಕನೇ ವರ್ಷವನ್ನೂ ಮುಗಿಸಿದವರು ಇದ್ದಾರೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನ ಪ್ರಕಾರ ಅಂಥವರಿಗೆ ಒಂದೇ ವರ್ಷದ ಎಂಎ ಸಾಧ್ಯ. ಆದರೆ ನೀವು ಸೇರುವ ವಿಶ್ವವಿದ್ಯಾಲಯ ಒಂದು ವರ್ಷದ ಕೋರ್ಸ್ ನಡೆಸುತ್ತಿರಬೇಕು. ಅದನ್ನು ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಏಜೆಂಟರ ಮಾತು ನಂಬಬೇಡಿ.

ಎಲ್ಲಿ ಓದುವುದು

ನಮ್ಮವರ ಮುಂದೆ ಮೂರು ದಾರಿ ಇವೆ.

ಮೊದಲನೆಯದು ರಾಜ್ಯದ ವಿಶ್ವವಿದ್ಯಾಲಯಗಳು. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹಳೆಯ ಹೆಸರುಗಳು. ಮೈಸೂರಿಗೆ ಈ ವಿಷಯದಲ್ಲಿ ದೊಡ್ಡ ಹಿನ್ನೆಲೆ ಇದೆ. 1916ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು, 1918ರಿಂದ 1921ರವರೆಗೆ ರಾಧಾಕೃಷ್ಣನ್ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಎಂ. ಹಿರಿಯಣ್ಣ ಇಲ್ಲಿ ಮಾಡಿದ ಪಾಠಗಳೇ 1932ರಲ್ಲಿ ಪುಸ್ತಕವಾಗಿ ಬಂದವು. ಇವತ್ತಿಗೂ ದೇಶದ ಯಾವ ಮೂಲೆಯ ಎಂಎ ಪಠ್ಯಕ್ರಮ ತೆಗೆದರೂ ಓದಬೇಕಾದ ಪುಸ್ತಕಗಳ ಸಾಲಿನಲ್ಲಿ ಅದು ಸಿಗುತ್ತದೆ. ಎಸ್.ಎಲ್. ಭೈರಪ್ಪನವರು ಎಂಎ ಓದಿದ್ದೂ ಮೈಸೂರಿನಲ್ಲೇ, ಓದಿದ್ದೂ ಇದೇ ವಿಷಯ. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರಾಗಿ ಅವರು ಕೆಲಸ ಶುರುಮಾಡಿದರು.

ರಾಜ್ಯದ ದಾರಿಯ ದೊಡ್ಡ ಅನುಕೂಲ ಭಾಷೆ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇದೆಯಾ ಅಂತ ಸೇರುವ ಮುಂಚೆಯೇ ಕೇಳಿಕೊಳ್ಳಿ. ಅವಕಾಶ ಇದ್ದರೂ ಓದುವ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನವೇ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಲು, ಸಂಶೋಧನೆ ಮಾಡಲು ಬರೆಯುವ ನೆಟ್ ಅನ್ನುವ ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗಾಗಿ ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನಲ್ಲಿ ಓದಿ. ಇದೇ ನನ್ನ ಸಲಹೆ.

ಎರಡನೆಯದು ಕೇಂದ್ರೀಯ ವಿಶ್ವವಿದ್ಯಾಲಯಗಳು. ಹೈದರಾಬಾದ್, ದಿಲ್ಲಿ, ಜೆಎನ್‌ಯು, ಬನಾರಸ್, ಪಾಂಡಿಚೇರಿ ಎಲ್ಲಕ್ಕೂ ಸಿಯುಇಟಿ ಪಿಜಿ ಅನ್ನುವ ಒಂದೇ ಪ್ರವೇಶ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ, ಒಟ್ಟು 300. 2025ರಲ್ಲಿ ಸಮಯ 90 ನಿಮಿಷ ಇತ್ತು. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಅಂದರೆ ಡಿಗ್ರಿಯ ಕೊನೆಯ ವರ್ಷದ ನಡುವೆಯೇ ಅರ್ಜಿ ಹಾಕಿರಬೇಕು. ‘ಡಿಗ್ರಿ ಮುಗೀಲಿ, ಆಮೇಲೆ ನೋಡೋಣ’ ಅಂದವರಿಗೆ ಆ ವರ್ಷ ತಪ್ಪಿಹೋಗುತ್ತದೆ. ಜೆಎನ್‌ಯು, ಹೈದರಾಬಾದ್ ಕಡೆ ನೋಡುತ್ತಿರುವವರು ಎರಡನೇ ವರ್ಷದ ಡಿಗ್ರಿಯಲ್ಲೇ ತಯಾರಿ ಶುರುಮಾಡಿದರೆ ಒಳ್ಳೆಯದು.

ಮೂರನೆಯದು ಇಗ್ನೋ. ಕೆಲಸದಲ್ಲಿರುವವರಿಗೆ, ಮನೆ ಬಿಟ್ಟು ಹೋಗಲಾಗದವರಿಗೆ, ನಿವೃತ್ತರಾದ ಮೇಲೆ ಓದುವ ಆಸೆ ಇರುವವರಿಗೆ ಇದು ಸರಿಯಾದ ಜಾಗ. ಜನವರಿ ಮತ್ತು ಜುಲೈ ಎರಡು ಸಲ ಪ್ರವೇಶ. ಕಮ್ಮಿ ಅಂದರೆ ಎರಡು ವರ್ಷ, ಜಾಸ್ತಿ ಅಂದರೆ ನಾಲ್ಕು ವರ್ಷ. ಅಸೈನ್‌ಮೆಂಟ್‌ಗೆ ಶೇ 30, ಜೂನ್ ಅಥವಾ ಡಿಸೆಂಬರ್ ಪರೀಕ್ಷೆಗೆ ಶೇ 70. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಕನ್ನಡ ಮಾಧ್ಯಮ ಇಲ್ಲ. ಗಾಂಧಿ, ಅರವಿಂದರ ಮೇಲೆ ಬೇರೆ ಬೇರೆ ಪತ್ರಿಕೆ, ಬುಡಕಟ್ಟು ಮತ್ತು ದಲಿತ ತತ್ತ್ವಶಾಸ್ತ್ರದ ಮೇಲೊಂದು ಪತ್ರಿಕೆ ಇವರ ಪಠ್ಯದಲ್ಲಿ ಬಂದಿವೆ. ಮಾಮೂಲಿ ವಿಭಾಗಗಳಲ್ಲಿ ಇಂಥವು ಅಪರೂಪ.

2022ರಿಂದ ಒಂದೇ ಸಮಯದಲ್ಲಿ ಎರಡು ಡಿಗ್ರಿ ಮಾಡಲು ಯುಜಿಸಿ ಅನುಮತಿ ಕೊಟ್ಟಿದೆ. ಕನ್ನಡ ಎಂಎ ಓದುತ್ತಾ ಇಗ್ನೋದಲ್ಲಿ ಫಿಲಾಸಫಿ ಎಂಎ ಮಾಡಬಹುದು. ಆದರೆ ಎರಡಕ್ಕೂ ಸಮಯ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ವಿದೇಶದ ಬಗ್ಗೆ ಒಂದೇ ಮಾತು. ಇಂಗ್ಲೆಂಡಿನಲ್ಲಿ ಎಂಎ ಒಂದು ವರ್ಷ. ಆಕ್ಸ್‌ಫರ್ಡ್‌ನಲ್ಲಿ ಇದೇ ಮಟ್ಟದ ಕೋರ್ಸಿಗೆ ಬಿಫಿಲ್ ಅಂತ ಹೆಸರು, ಅದು ಎರಡು ವರ್ಷದ್ದು. ಹೆಸರಲ್ಲಿ ‘ಬಿ’ ಇದೆ ಅಂತ ಡಿಗ್ರಿ ಮಟ್ಟದ್ದು ಅಂದುಕೊಳ್ಳಬೇಡಿ. ಅಲ್ಲೆಲ್ಲ ಮುಖ್ಯವಾಗಿ ನೋಡುವುದು ನೀವು ಬರೆದ ಒಂದು ಲೇಖನದ ಮಾದರಿಯನ್ನು. ಅದನ್ನು ಹೇಗೆ ಬರೆಯುವುದು ಅನ್ನುವುದು ಕೆಳಗೆ ಬರುತ್ತದೆ.

ಕಾಗದ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಪ್ರಕಟಣೆ ಸಾಮಾನ್ಯವಾಗಿ ಡಿಗ್ರಿ ರಿಸಲ್ಟ್ ಬಂದ ಮೇಲೆ ಹೊರಬೀಳುತ್ತದೆ. ಆಗ ಓಡಾಡುವ ಬದಲು ಈಗಲೇ ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಡಿ: ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಪ್ರೊವಿಷನಲ್ ಅಥವಾ ಡಿಗ್ರಿ ಸರ್ಟಿಫಿಕೇಟು, ಟಿಸಿ, ನಾಡಕಚೇರಿಯಿಂದ ಆರ್‌ಡಿ ನಂಬರ್ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ ಅಲ್ಲಿಯವರಿಗಿರುವ ಮೀಸಲಾತಿಯ 371(ಜೆ) ಅರ್ಹತಾ ಪತ್ರ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕೇ ಬೇಕು. ಇದೊಂದೇ ಕಾಗದಕ್ಕಾಗಿ ಎಷ್ಟೋ ಜನರ ಪ್ರವೇಶ ತಿಂಗಳುಗಟ್ಟಲೆ ‘ತಾತ್ಕಾಲಿಕ’ ಆಗಿಯೇ ಉಳಿಯುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ಡಿಜಿಲಾಕರ್‌ನಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಮಾಡಿಕೊಳ್ಳಿ. ನೀವು ಗಳಿಸುವ ಕ್ರೆಡಿಟ್‌ಗಳು, ಅಂದರೆ ಒಂದೊಂದು ಪತ್ರಿಕೆ ಪಾಸಾದಾಗಲೂ ಸಿಗುವ ಎಣಿಕೆ, ಎಲ್ಲ ಅಲ್ಲಿ ಜಮಾ ಆಗುತ್ತವೆ. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಒಂದೇ ರೀತಿ ಇರಬೇಕು. ಇನಿಷಿಯಲ್ ಮುಂದೆ ಒಂದರಲ್ಲಿ, ಹಿಂದೆ ಇನ್ನೊಂದರಲ್ಲಿ ಇದ್ದರೆ ಈಗಲೇ ಸರಿಮಾಡಿಸಿ.

ಸೇರುವ ಮುಂಚೆ ಓದುವುದು

ಅರ್ಜಿ ಹಾಕಿ ತರಗತಿ ಶುರುವಾಗುವ ನಡುವೆ ಬಿಡುವು ಸಿಗುತ್ತದೆ. ಆ ಸಮಯವನ್ನು ಯೂಟ್ಯೂಬ್ ಭಾಷಣಗಳಿಗೆ ಕೊಡಬೇಡಿ. ಇಗ್ನೋದ ಪಾಠಗಳೆಲ್ಲ ಇಜ್ಞಾನಕೋಶ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಸೇರದಿದ್ದರೂ ಓದಬಹುದು. ಭಾರತೀಯ ತತ್ತ್ವಶಾಸ್ತ್ರದ ಘಟಕ, ತರ್ಕದ ಘಟಕ, ಇವೆರಡು ಸಾಕು. ಅದರ ಜೊತೆಗೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಅನ್ನುವ ತಾಣವನ್ನು ಗುರುತುಹಾಕಿಟ್ಟುಕೊಳ್ಳಿ. 1995ರಿಂದ ನಡೆಯುತ್ತಿದೆ, ದುಡ್ಡು ಕೊಡಬೇಕಿಲ್ಲ, ಒಂದೊಂದು ಲೇಖನವನ್ನೂ ಆ ವಿಷಯದಲ್ಲೇ ಕೆಲಸ ಮಾಡುವವರು ಬರೆದಿರುತ್ತಾರೆ. ಎರಡು ವರ್ಷವೂ ನಿಮ್ಮ ಕೈ ಹಿಡಿಯುವುದು ಇದೇ.

ಮೊದಲ ದಿನದಿಂದ ಒಂದು ಅಭ್ಯಾಸ ಬೇಕು. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ‘ಇವನು ಏನು ಹೇಳ್ತಿದ್ದಾನೆ, ಯಾಕೆ ಹಾಗೆ ಹೇಳ್ತಿದ್ದಾನೆ’ ಅಂತ ನಾಲ್ಕು ಸಾಲು ಬರೆಯಿರಿ. ಕಾದಂಬರಿ ಓದುವ ವೇಗದಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಓದಲಾಗದು. ಗಂಟೆಗೆ ಐದು ಪುಟ ಆದರೆ ಅದು ಒಳ್ಳೆಯ ವೇಗ.

ಕ್ರೆಡಿಟ್ ಲೆಕ್ಕ

ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೈಸೂರು ವಿಶ್ವವಿದ್ಯಾಲಯದ ಸಿಬಿಸಿಎಸ್, ಅಂದರೆ ಕೆಲವು ಪತ್ರಿಕೆಗಳನ್ನು ನೀವೇ ಆರಿಸಿಕೊಳ್ಳುವ ಪದ್ಧತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಎಂಎಗೆ 76 ಕ್ರೆಡಿಟ್ ಗಳಿಸಬೇಕು. ಪತ್ರಿಕೆಗಳಲ್ಲಿ ಮೂರು ಬಗೆ. ಹಾರ್ಡ್ ಕೋರ್ ಎಲ್ಲರೂ ಓದಲೇಬೇಕಾದ್ದು. ಸಾಫ್ಟ್ ಕೋರ್ ವಿಭಾಗದೊಳಗೆ ನೀವು ಆರಿಸಿಕೊಳ್ಳುವುದು. ಓಪನ್ ಎಲೆಕ್ಟಿವ್ ಬೇರೆ ವಿಭಾಗಕ್ಕೆ ಹೋಗಿ ಓದುವುದು. ಅಂಕಗಳನ್ನು ಸಿ1, ಸಿ2, ಸಿ3 ಅಂತ ಒಡೆಯುತ್ತಾರೆ. ಸೆಮಿಸ್ಟರ್ ನಡುವಿನ ಟೆಸ್ಟು, ಸೆಮಿನಾರು, ಅಸೈನ್‌ಮೆಂಟುಗಳಿಗೆ ಸಿ1, ಸಿ2 ಸೇರಿ 30. ಕೊನೆಯ ಪರೀಕ್ಷೆ ಸಿ3, ಅದಕ್ಕೆ 70. ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬೇರೆ ಕಡೆ ಸಂಖ್ಯೆಗಳು ಬದಲಾಗಬಹುದು, ಚೌಕಟ್ಟು ಹೆಚ್ಚೂಕಮ್ಮಿ ಇದೇ.

ಓಪನ್ ಎಲೆಕ್ಟಿವ್ ಅನ್ನು ಸುಮ್ನೆ ಸುಲಭ ಇದೆ ಅಂತ ಆರಿಸಬೇಡಿ. ಸಂಸ್ಕೃತ, ಭಾಷಾವಿಜ್ಞಾನ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಯಾವುದಾದರೂ ಮುಂದೆ ಪ್ರಬಂಧಕ್ಕೆ ಉಪಯೋಗಕ್ಕೆ ಬರುತ್ತದೆ. ನಾನಾದರೆ ಸಂಸ್ಕೃತ ಆರಿಸಲು ಹೇಳುತ್ತೇನೆ. ಶಂಕರಭಾಷ್ಯದ ಒಂದು ಸಾಲನ್ನಾದರೂ ಮೂಲದಲ್ಲಿ ಓದಿದವರಿಗೂ ಬರೀ ಅನುವಾದ ಓದಿದವರಿಗೂ ವ್ಯತ್ಯಾಸ ಇರುತ್ತದೆ, ಅಲ್ವಾ?

ಇಂಟರ್ನಲ್ಸ್ ಅಂಕಗಳನ್ನು ಹಗುರವಾಗಿ ನೋಡುವವರು ಬಹಳ. ಸೆಮಿಸ್ಟರ್ ಕೊನೆಯ ಮೂರು ಗಂಟೆಯಲ್ಲಿ ಏನಾಗುತ್ತದೋ ಹೇಳಲಾಗದು. ಮೊದಲೇ ಕೈಗೆ ಬಂದ ಇಪ್ಪತ್ತೈದು ಅಂಕ ನಿಮ್ಮವೇ.

ಪತ್ರಿಕೆಗಳು, ಅದರಲ್ಲೂ ತರ್ಕ

ಭಾರತೀಯ ತತ್ತ್ವಶಾಸ್ತ್ರ, ಪಾಶ್ಚಾತ್ಯ ತತ್ತ್ವಶಾಸ್ತ್ರ, ನೀತಿಶಾಸ್ತ್ರ, ಜ್ಞಾನಮೀಮಾಂಸೆ (ಜ್ಞಾನ ಅಂದರೇನು ಅನ್ನುವ ವಿಚಾರ), ತರ್ಕ, ಇವು ಎಲ್ಲ ಕಡೆ ಇರುತ್ತವೆ. ಅದರಾಚೆಗೆ ಧರ್ಮದ ತತ್ತ್ವಶಾಸ್ತ್ರ, ವಿಜ್ಞಾನದ ತತ್ತ್ವಶಾಸ್ತ್ರ, ಸಮಕಾಲೀನ ಭಾರತೀಯ ಚಿಂತಕರು, ಸಮಾಜ ಮತ್ತು ರಾಜಕೀಯ ಚಿಂತನೆ. ಕರ್ನಾಟಕದ ವಿಭಾಗಗಳಲ್ಲಿ ವೇದಾಂತ ಮತ್ತು ವೀರಶೈವ ಚಿಂತನೆಗೆ ಜಾಗ ಜಾಸ್ತಿ.

ಹೆಚ್ಚು ಜನ ಎಡವುವುದು ತರ್ಕದಲ್ಲಿ. ಕಾರಣ ಸರಳ. ಉಳಿದ ಪತ್ರಿಕೆಗಳಲ್ಲಿ ಗೊತ್ತಿಲ್ಲದಿದ್ದರೂ ಎರಡು ಪುಟ ತುಂಬಿಸಬಹುದು, ಇಲ್ಲಿ ಆಗದು. ಉತ್ತರ ಸರಿ, ಇಲ್ಲವೇ ತಪ್ಪು. ಆದರೆ ಪೂರ್ತಿ ಅಂಕ ಸಿಗುವುದೂ ಇದೊಂದರಲ್ಲೇ.

ಒಂದು ಸಣ್ಣ ಲೆಕ್ಕ ನೋಡಿ. ‘ಮಳೆ ಬಂದರೆ ರಸ್ತೆ ನೆನೆಯುತ್ತದೆ. ರಸ್ತೆ ನೆನೆದಿದೆ. ಆದ್ದರಿಂದ ಮಳೆ ಬಂದಿದೆ.’ ಕೇಳಲು ಸರಿ ಅನಿಸುತ್ತದೆ. ಆದರೆ ಪಾಲಿಕೆಯ ನೀರಿನ ಪೈಪು ಒಡೆದರೂ ರಸ್ತೆ ನೆನೆಯುತ್ತದೆ. ಮೊದಲ ಎರಡು ಮಾತು ನಿಜವಾಗಿದ್ದು ಮೂರನೆಯದು ಸುಳ್ಳಾಗಬಹುದು, ಹಾಗಾಗಿ ಈ ವಾದ ನಿಲ್ಲುವುದಿಲ್ಲ. ಇದನ್ನೇ ಸತ್ಯಕೋಷ್ಟಕದಲ್ಲಿ, ಅಂದರೆ ವಾಕ್ಯಗಳು ನಿಜ ಅಥವಾ ಸುಳ್ಳಾಗುವ ಎಲ್ಲ ಸಾಧ್ಯತೆಗಳ ಪಟ್ಟಿಯಲ್ಲಿ, ಬರೆದು ತೋರಿಸಬೇಕು. ‘ಮಳೆ ಬಂದಿದೆ’, ‘ರಸ್ತೆ ನೆನೆದಿದೆ’ ಅನ್ನುವಂಥ ಎರಡು ಸರಳ ವಾಕ್ಯಗಳಿದ್ದರೆ ಕೋಷ್ಟಕದಲ್ಲಿ 4 ಸಾಲು, ಮೂರಿದ್ದರೆ 8, ನಾಲ್ಕಿದ್ದರೆ 16. ದಿನಕ್ಕೆ ಎರಡು ಲೆಕ್ಕ ಮಾಡಿದರೆ ಸೆಮಿಸ್ಟರ್ ಕೊನೆಗೆ ಕೈ ತಾನೇ ಓಡುತ್ತದೆ. ಕೊನೆಯ ವಾರ ಕೂತು ಕಲಿಯುತ್ತೇನೆ ಅಂದರೆ ಆಗುವ ಮಾತಲ್ಲ.

ಭಾರತೀಯ ತರ್ಕದ ಪಂಥವಾದ ನ್ಯಾಯದರ್ಶನದ ಅನುಮಾನವನ್ನೂ ಇದರ ಪಕ್ಕದಲ್ಲೇ ಇಟ್ಟು ಓದಿ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಅದಕ್ಕೆ ಐದು ಮೆಟ್ಟಿಲು. ಬೆಟ್ಟದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕೆಂದರೆ ಹೊಗೆ ಇದೆ, ಇದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ, ಇದು ಉಪನಯ. ಆದ್ದರಿಂದ ಬೆಂಕಿ ಇದೆ, ಇದು ನಿಗಮನ. ಪರೀಕ್ಷೆಯಲ್ಲಿ ಈ ಐದು ಹೆಸರನ್ನು ಎಲ್ಲರೂ ಬರೆಯುತ್ತಾರೆ. ಅರಿಸ್ಟಾಟಲ್‌ಗೆ ಮೂರು ಸಾಕಾದದ್ದು ಇಲ್ಲಿ ಐದು ಯಾಕೆ, ಉದಾಹರಣೆ ಯಾಕೆ ಬೇಕೇಬೇಕು ಅನ್ನುವುದನ್ನು ಬರೆದವರಿಗೆ ಅಂಕ. ಇಲ್ಲಿ ಅನುಮಾನ ಅಂದರೆ ಇನ್ನೊಬ್ಬರಿಗೆ ಮನವರಿಕೆ ಮಾಡಿಕೊಡುವ ಕೆಲಸವೂ ಹೌದು. ಎದುರಿಗೆ ಕೂತವನು ಒಪ್ಪಬೇಕು, ಅದಕ್ಕೆ ಅವನಿಗೂ ಗೊತ್ತಿರುವ ಒಂದು ಅಡುಗೆಮನೆ ಬೇಕು.

ಉತ್ತರ ಬರೆಯುವ ಕೆಲಸ

ನಮ್ಮಲ್ಲಿ ಬಿಎ ತನಕ ಉತ್ತರ ಅಂದರೆ ವಿವರಣೆ. ‘ಪ್ಲೇಟೋ ಹೀಗೆ ಹೇಳಿದ, ಶಂಕರರು ಹೀಗೆ ಹೇಳಿದರು’ ಅಂತ ಪುಟ ತುಂಬಿಸಿದರೆ ಸಾಕಿತ್ತು. ಎಂಎಯಲ್ಲಿ ಅದು ಅರ್ಧ ಉತ್ತರ ಮಾತ್ರ.

ಒಂದು ಪ್ರಶ್ನೆ ತೆಗೆದುಕೊಳ್ಳೋಣ: ‘ಸಮರ್ಥನೆ ಇರುವ ನಿಜವಾದ ನಂಬಿಕೆಯೇ ಜ್ಞಾನ ಎಂಬ ಮಾತನ್ನು ಪರಿಶೀಲಿಸಿ.’ ಜ್ಞಾನಮೀಮಾಂಸೆಯಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆ ಇದು.

ಮೊದಲು ಆ ಮಾತಿನ ಅರ್ಥವನ್ನು ನಿಮ್ಮದೇ ಉದಾಹರಣೆಯಲ್ಲಿ ಹೇಳಿ. ಬಸ್ಸು ಆರು ಗಂಟೆಗೆ ಇದೆ ಅಂತ ನನಗೆ ಗೊತ್ತು ಅನ್ನಬೇಕಾದರೆ ಮೂರು ಬೇಕು. ನಾನು ಅದನ್ನು ನಂಬಿರಬೇಕು, ಅದು ನಿಜವಾಗಿರಬೇಕು, ನಂಬಲು ನನ್ನ ಹತ್ತಿರ ಒಳ್ಳೆಯ ಕಾರಣ ಇರಬೇಕು. ಇಷ್ಟಕ್ಕೆ ಒಂದು ಪ್ಯಾರಾ ಸಾಕು.

ಆಮೇಲೆ ಆಕ್ಷೇಪ. 1963ರಲ್ಲಿ ಎಡ್ಮಂಡ್ ಗೆಟಿಯರ್ ಮೂರು ಪುಟದ ಲೇಖನ ಬರೆದು ಈ ವ್ಯಾಖ್ಯೆಯ ಬುಡ ಅಲ್ಲಾಡಿಸಿದ. ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೇ ಸಿಗುತ್ತದೆ ಅಂತ ನಂಬಲು ಸ್ಮಿತ್ ಹತ್ತಿರ ಗಟ್ಟಿ ಕಾರಣ ಇದೆ. ಜೋನ್ಸ್ ಜೇಬಿನಲ್ಲಿ ಹತ್ತು ನಾಣ್ಯ ಇರುವುದನ್ನೂ ಅವನು ಎಣಿಸಿದ್ದಾನೆ. ಹಾಗಾಗಿ ‘ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯ ಇವೆ’ ಅಂತ ನಂಬುತ್ತಾನೆ. ಕೊನೆಗೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ ಹತ್ತು ನಾಣ್ಯ ಇರುತ್ತವೆ. ನಂಬಿಕೆ ಇತ್ತು, ನಿಜವೂ ಆಯಿತು, ಕಾರಣವೂ ಇತ್ತು. ಆದರೂ ಅವನಿಗೆ ‘ಗೊತ್ತಿತ್ತು’ ಅನ್ನಲು ಬಾಯಿ ಬರುವುದಿಲ್ಲ.

ಹೆಚ್ಚಿನ ಉತ್ತರಗಳು ಇಲ್ಲಿಗೆ ನಿಲ್ಲುತ್ತವೆ. ನೀವು ನಿಲ್ಲಬೇಡಿ. ಹನ್ನೆರಡನೇ ಶತಮಾನದ ಅದ್ವೈತ ಚಿಂತಕ ಶ್ರೀಹರ್ಷ ಇಂಥದೇ ಕಡೆ ಬೆರಳಿಟ್ಟಿದ್ದ. ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಇವೆ ಅಂತ ಕೇಳಿದಾಗ ಒಬ್ಬ ಸುಮ್ನೆ ಊಹಿಸಿ ‘ಐದು’ ಅನ್ನುತ್ತಾನೆ, ಇರುವುದೂ ಐದೇ. ಇದು ಪ್ರಮೆಯಾ, ಅಂದರೆ ಸರಿಯಾದ ಜ್ಞಾನವಾ? ಈಗ ನಿಮಗೆ ಕೆಲಸ ಸಿಕ್ಕಿತು. ಎರಡು ಉದಾಹರಣೆ ಒಂದೇನಾ? ಅಲ್ಲ. ಕವಡೆಯವನ ಹತ್ತಿರ ಕಾರಣವೇ ಇಲ್ಲ, ಸ್ಮಿತ್ ಹತ್ತಿರ ಇದೆ. ಹಾಗಾದರೆ ಕವಡೆಯ ಉದಾಹರಣೆ ‘ನಿಜವಾಗಿದ್ದರೆ ಸಾಕು’ ಅನ್ನುವವರಿಗೆ ಉತ್ತರ, ನಾಣ್ಯದ್ದು ‘ಕಾರಣವೂ ಇದ್ದರೆ ಸಾಕು’ ಅನ್ನುವವರಿಗೆ ಉತ್ತರ. ಹೀಗೆ ನಾಲ್ಕು ಸಾಲು ಬರೆದರೆ ಉತ್ತರಪತ್ರಿಕೆ ತಿದ್ದುವವರು ಒಂದು ಕ್ಷಣ ನಿಂತು ಓದುತ್ತಾರೆ.

ಕೊನೆಗೆ ನಿಮ್ಮ ನಿಲುವು. ‘ಎರಡೂ ಕಡೆ ಸತ್ಯ ಇದೆ’ ಅಂತ ಜಾರಿಕೊಳ್ಳಬೇಡಿ. ಒಂದು ಕಡೆ ನಿಂತು, ಯಾಕೆ ಅಂತ ಹೇಳಿ. ನಿಮ್ಮ ನಿಲುವಿಗೆ ಬರಬಹುದಾದ ದೊಡ್ಡ ಆಕ್ಷೇಪ ಯಾವುದು ಅಂತಲೂ ನೀವೇ ಬರೆಯಿರಿ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಅಂತ ಮಾಡುತ್ತಿದ್ದದ್ದು ಇದನ್ನೇ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು.

ಸೆಮಿನಾರಿಗೂ ಇದೇ ಮಾತು ಅನ್ವಯ. ಇಪ್ಪತ್ತು ಸ್ಲೈಡ್ ಓದುವ ಬದಲು ಒಂದು ವಾದ ಹೇಳಿ, ಸಹಪಾಠಿಗಳಿಂದ ಪ್ರಶ್ನೆ ಕೇಳಿಸಿಕೊಳ್ಳಿ.

ಪ್ರಬಂಧ

ನಾಲ್ಕನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಅಥವಾ ಕಿರುಪ್ರಬಂಧ ಇರುವ ಕಡೆ ವಿಷಯ ಆರಿಸುವುದೇ ಅರ್ಧ ಕೆಲಸ. ಗೈಡ್ ಮುಂದೆ ಹೋಗಿ ‘ಬಸವಣ್ಣನವರ ತತ್ತ್ವಶಾಸ್ತ್ರ’ ಅಂದರೆ ಅವರು ನಗುತ್ತಾರೆ. ಅದು ಒಂದು ಜನ್ಮಕ್ಕಾಗುವ ಕೆಲಸ.

ಅದನ್ನು ಕಿರಿದು ಮಾಡುವುದು ಹೇಗೆ ನೋಡಿ. ಬಸವಣ್ಣನವರಿಂದ ಕಾಯಕಕ್ಕೆ ಬನ್ನಿ. ಕಾಯಕದಿಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗೆ. ಮಾರಯ್ಯ ಒಂದು ದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ಆಯ್ದು ತರುತ್ತಾನೆ, ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಅನ್ನುತ್ತಾಳೆ. ಇಲ್ಲಿ ಒಂದು ಪ್ರಶ್ನೆ ಇದೆ. ಕೆಲಸ ಅದೇ, ಅಕ್ಕಿ ಹೋಗುವುದೂ ದಾಸೋಹಕ್ಕೇ. ಹಾಗಿದ್ದರೆ ತಪ್ಪೇನು? ತಪ್ಪು ಆಸೆಯಲ್ಲಿದೆ ಅನ್ನುವುದು ಲಕ್ಕಮ್ಮನ ಉತ್ತರ. ಅಂದರೆ ಕೆಲಸದ ಬೆಲೆ ಫಲದಲ್ಲಿಲ್ಲ, ಮನಸ್ಸಿನಲ್ಲಿದೆ. ಕಾಂಟ್ ಹೇಳುವ ಒಳ್ಳೆಯ ಸಂಕಲ್ಪದ ಮಾತು ಇದಕ್ಕೆ ಎಲ್ಲಿ ಹತ್ತಿರ, ಎಲ್ಲಿ ದೂರ? ಇದು ಎಂಎ ಪ್ರಬಂಧಕ್ಕೆ ಹೇಳಿಮಾಡಿಸಿದ ಪ್ರಶ್ನೆ. ಐವತ್ತು ಪುಟದಲ್ಲಿ ಮುಗಿಯುತ್ತದೆ, ಮೂಲ ಪಠ್ಯ ಕನ್ನಡದಲ್ಲೇ ಇದೆ, ಬೇರೆ ರಾಜ್ಯದ ವಿದ್ಯಾರ್ಥಿ ಅಷ್ಟು ಸುಲಭವಾಗಿ ಮಾಡಲಾಗದು. ವಚನಗಳನ್ನು ಬಿಡಿಬಿಡಿಯಾಗಿ ವಾಟ್ಸಾಪಿನಿಂದ ಎತ್ತಿಕೊಳ್ಳಬೇಡಿ, ಸಂಪಾದಿತ ಸಂಪುಟದಿಂದ ಸಂಖ್ಯೆ ಸಮೇತ ಕೊಡಿ.

ಸಿನಾಪ್ಸಿಸ್‌ಗೆ ಎರಡೇ ಪುಟ ಸಾಕು. ಪ್ರಶ್ನೆ ಏನು, ಈಗಾಗಲೇ ಯಾರು ಏನು ಹೇಳಿದ್ದಾರೆ, ನಾನು ಏನು ವಾದಿಸುತ್ತೇನೆ, ಅಧ್ಯಾಯ ಎಷ್ಟು. ಇಗ್ನೋದವರಾದರೆ ಗೈಡ್‌ನ ಒಪ್ಪಿಗೆ, ಸಹಿ ಮುಂಚೆಯೇ ಬೇಕು. ನಕಲು ಪತ್ತೆ ಮಾಡುವ ಸಾಫ್ಟ್‌ವೇರಿನಲ್ಲಿ ಹಾಕಿ ನೋಡುವ ವಿಭಾಗಗಳು ಈಗ ಹೆಚ್ಚಾಗಿವೆ. ಬೇರೆಯವರ ಮಾತಾದರೆ ಎಲ್ಲಿಂದ ಬಂತು ಅಂತ ಅಡಿಟಿಪ್ಪಣಿ ಹಾಕಿ.

ವೈವಾದಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಇದರಲ್ಲಿ ನಿಮ್ಮದು ಏನು?’ ಅದಕ್ಕೆ ಒಂದು ವಾಕ್ಯದ ಉತ್ತರ ಇಲ್ಲದೆ ಒಳಗೆ ಹೋಗಬೇಡಿ.

ದುಡ್ಡಿನ ವಿಚಾರ

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಎಂಎಗೆ ಫೀಸು ಕಡಿಮೆ. ಖರ್ಚು ಬರುವುದು ಊಟ, ವಸತಿಗೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್‌ಗೆ ಅರ್ಜಿ ಹಾಕಿ. ಯುಜಿಸಿಯ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಮೊದಲ ವರ್ಷದಲ್ಲಿ, ರೆಗ್ಯುಲರ್ ಕೋರ್ಸಿನಲ್ಲಿ ಇರುವವರಿಗೆ ಮಾತ್ರ. ಎರಡನೇ ವರ್ಷ ನೆನಪಾದರೆ ಪ್ರಯೋಜನ ಇಲ್ಲ.

55ರ ಗೆರೆ

ಇಗ್ನೋದಲ್ಲಿ ಶೇ 40 ಬಂದರೆ ಪಾಸು. ಬೇರೆ ಕಡೆಯೂ ಪಾಸಾಗಲು ಅದರ ಆಸುಪಾಸಿನಷ್ಟೇ ಬೇಕು. ಆದರೆ ನೆಟ್, ಪಿಎಚ್‌ಡಿ, ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಎಲ್ಲಕ್ಕೂ ಎಂಎಯಲ್ಲಿ ಶೇ 55 ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರಿಗೆ ಶೇ 50. ನೆಟ್‌ನಲ್ಲಿ 54.9 ಇದ್ದರೆ 55 ಅಂತ ಪರಿಗಣಿಸುವುದಿಲ್ಲ. ಪ್ರತಿ ಸೆಮಿಸ್ಟರ್ ರಿಸಲ್ಟ್ ಬಂದಾಗಲೂ ಒಟ್ಟು ಲೆಕ್ಕ ಹಾಕಿ. ಎರಡನೇ ಸೆಮಿಸ್ಟರ್‌ಗೆ 52ರಲ್ಲಿ ಇದ್ದರೆ ಇನ್ನೂ ಸಮಯ ಇದೆ. ಕೋರ್ಸ್ ಮುಗಿದ ಮೇಲೆ ಅಂಕ ಸುಧಾರಿಸಿಕೊಳ್ಳಲು ಎಲ್ಲ ಕಡೆ ಅವಕಾಶ ಇರುವುದಿಲ್ಲ.

ಇನ್ನು ಮನೆಯವರು ಕೇಳುವ ಪ್ರಶ್ನೆ, ‘ಇದನ್ನ ಓದಿ ಏನ್ ಮಾಡ್ತೀಯಾ?’ ಮುಚ್ಚಿಡುವುದೇನಿದೆ, ಕರ್ನಾಟಕದ ಡಿಗ್ರಿ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ಐಚ್ಛಿಕ ವಿಷಯವಾಗಿ ಇರುವುದು ಕೆಲವೇ ಕಡೆ, ಹಾಗಾಗಿ ಪಾಠ ಮಾಡುವ ಹುದ್ದೆಗಳೂ ಕಡಿಮೆ. ಇದೊಂದನ್ನೇ ನಂಬಿ ಸೇರಬೇಡಿ. ಯುಪಿಎಸ್‌ಸಿ ಬರೆಯುವವರಿಗೆ ಮಾತ್ರ ಇದು ನೇರ ಉಪಯೋಗ. ಐಚ್ಛಿಕ ವಿಷಯವಾಗಿ 250 ಅಂಕದ ಎರಡು ಪತ್ರಿಕೆ, ಪಠ್ಯ ಬೇರೆ ವಿಷಯಗಳಿಗಿಂತ ಚಿಕ್ಕದು. 2013ರಿಂದ ಎಲ್ಲರಿಗೂ ಕಡ್ಡಾಯವಾಗಿರುವ ನೀತಿಶಾಸ್ತ್ರದ ಪತ್ರಿಕೆಗೂ ಓದಿದ್ದು ದಕ್ಕುತ್ತದೆ.

ಸಂಶೋಧನೆಗೆ ಹೋಗುವವರು ಗಮನಿಸಿ. ಎಂಫಿಲ್ ಈಗ ಇಲ್ಲ, 2022ರ ಯುಜಿಸಿ ನಿಯಮ ಅದನ್ನು ನಿಲ್ಲಿಸಿತು. ಎಂಎ ಆದ ಮೇಲೆ ನೇರ ಪಿಎಚ್‌ಡಿ. ನೆಟ್‌ನಲ್ಲಿ ಫಿಲಾಸಫಿಯ ಕೋಡ್ 03. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ಗಂಟೆ, ತಪ್ಪಾದರೆ ಅಂಕ ಕಳೆಯುವುದಿಲ್ಲ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. 1977ರಲ್ಲಿ ಶುರುವಾದ ಭಾರತೀಯ ತತ್ತ್ವಶಾಸ್ತ್ರ ಸಂಶೋಧನಾ ಪರಿಷತ್ತು, ಅಂದರೆ ಐಸಿಪಿಆರ್, ಇದೇ ವಿಷಯಕ್ಕಾಗಿ ಬೇರೆ ಫೆಲೋಶಿಪ್ ಕೊಡುತ್ತದೆ.

ನೆಟ್‌ಗೆ ಎಂಎ ಮುಗಿಯುವ ತನಕ ಕಾಯಬೇಕಿಲ್ಲ. ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು. ಪಾಸಾದರೆ, ನೆಟ್ ರಿಸಲ್ಟ್ ಬಂದ ದಿನದಿಂದ ಎರಡು ವರ್ಷದೊಳಗೆ ಬೇಕಾದಷ್ಟು ಅಂಕದ ಜೊತೆ ಎಂಎ ಮುಗಿಸಿ ತೋರಿಸಬೇಕು. ಮೂರನೇ ಸೆಮಿಸ್ಟರ್‌ನ ರಜೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಡೌನ್‌ಲೋಡ್ ಮಾಡಿ ಒಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಯಾವ ಘಟಕ ಕೈಕೊಡುತ್ತದೋ, ನಾಲ್ಕನೇ ಸೆಮಿಸ್ಟರ್‌ನ ಸಾಫ್ಟ್ ಕೋರ್ ಅದನ್ನೇ ಆರಿಸಿಕೊಳ್ಳಿ.